ಅಪ್ಪನಿಗೊಂದು ಕಾರು, ನನಗೊಂದು ಕಾರು: ಐಷಾರಾಮಿ ಕಾರಿನ ರೂಪವನ್ನು ಕೊಳ್ಳುವವರ ವಯಸ್ಸು ಎಷ್ಟರಮಟ್ಟಿಗೆ ತೀರ್ಮಾನಿಸುತ್ತದೆ?

ಕಣದಮನೆ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ರೋಬಸ್ಟಾ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ, ಜೀವಮಾನವಿಡೀ ಜೀಪಿನಲ್ಲೇ ಓಡಾಡಿದ ನನ್ನ ತಂದೆ, ಒಂದು ಒಳ್ಳೆಯ ಕಾರು ನೋಡೋಣ ಎಂದು ತಾವಾಗಿಯೇ ಬಾಯಿಬಿಟ್ಟರು. ಅವರಿಗೆ ಈಗ 68 ವರ್ಷ, ನನಗೆ 36. ಹೋದ ತಿಂಗಳು ಇಬ್ಬರೂ ಮೈಸೂರಿನ ಒಂದು ದೊಡ್ಡ ಶೋರೂಮಿಗೆ ಹೋದೆವು. ಅಲ್ಲಿನ ಹುಡುಗ ಅಪ್ಪನ ನರೆಗೂದಲನ್ನು ಒಮ್ಮೆ ನೋಡಿದವನೇ ಅವರನ್ನು ಬೆಳ್ಳಿ ಬಣ್ಣದ ಉದ್ದನೆಯ ಸೆಡಾನಿನತ್ತ ಕರೆದೊಯ್ದು, ಹಿಂದಿನ ಬಾಗಿಲು ತೆರೆದು ಕೈಕಟ್ಟಿ ನಿಂತ. ಇನ್ನೊಬ್ಬ ನನ್ನನ್ನು ಚಾವಣಿ ಹಿಂದಕ್ಕೆ ಇಳಿಜಾರಾದ ಕೆಂಪು ಎಸ್‌ಯುವಿಯೊಳಗೆ ಕೂರಿಸಿ, ಒಳಗಿನ ದೀಪದ ಪಟ್ಟಿಯ ಬಣ್ಣಗಳನ್ನು ಒಂದೊಂದಾಗಿ ಬದಲಾಯಿಸಿ ತೋರಿಸತೊಡಗಿದ. ಇಬ್ಬರ ಹಣವೂ ಒಂದೇ ಪಾಸ್‌ಬುಕ್ಕಿನದು ಎಂಬುದು ಅವರಿಬ್ಬರಿಗೂ ಹೊಳೆದಂತೆ ಕಾಣಲಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಆಮೇಲಿನ ಸಂಗತಿ. ಆ ಸೆಡಾನಿನಿಂದ ಏಳಲು ಅಪ್ಪ ಬಾಗಿಲಿನ ಮೇಲಂಚನ್ನು ಹಿಡಿದು ಎರಡು ಸಲ ಪ್ರಯತ್ನಿಸಬೇಕಾಯಿತು. ಕೆಂಪು ಎಸ್‌ಯುವಿಗಾದರೋ ತಮ್ಮ ಮನೆಯ ಜಗಲಿಯ ಮೇಲೆ ಕೂತಷ್ಟೇ ಸಲೀಸಾಗಿ ಹತ್ತಿ ಇಳಿದರು. ಹಾಗಿದ್ದರೆ ಹಿರಿಯರ ಕಾರು ಯಾವುದು, ಹರೆಯದವರ ಕಾರು ಯಾವುದು, ಮತ್ತು ಹೀಗೆಂದು ಗೆರೆ ಎಳೆದವರು ಯಾರು? ತಿಳಿದವರು ಹೇಳಬೇಕು.

ಹಳೇಪಿಸ್ಟನ್ (ಗೋಣಿಕೊಪ್ಪ)

ಮೂವತ್ತು ವರ್ಷ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದು ಊರಿಗೆ ಮರಳಿದವನು ನಾನು. ನಿಮ್ಮ ಪ್ರಶ್ನೆ ಆ ಉದ್ಯಮದ ಅತಿ ಹಳೆಯ ಭಯವೊಂದನ್ನು ಮುಟ್ಟುತ್ತದೆ. ಹರೆಯದವನ ಕಾರನ್ನು ಮುದುಕನಿಗೆ ಮಾರಬಹುದು, ಮುದುಕನ ಕಾರನ್ನು ಹರೆಯದವನಿಗೆ ಮಾರಲಾಗದು ಎಂಬ ಮಾತು ಅಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಅದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಬಂಕೀ ನುಡ್ಸನ್ ಅವರದೆಂದು ಹೇಳುವವರು ಹೆಚ್ಚು. 1956ರಲ್ಲಿ ಅವರು ಪಾಂಟಿಯಾಕ್ ವಿಭಾಗದ ಹೊಣೆ ಹೊತ್ತಾಗ ಆ ಹೆಸರು ಅಜ್ಜಿಯಂದಿರ ಕಾರೆಂದೇ ಪ್ರಸಿದ್ಧವಾಗಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ, 1935ರಿಂದ ಬಾನೆಟ್ಟಿನ ಮೇಲೆ ಉದ್ದಕ್ಕೆ ಹಾಯ್ದಿದ್ದ ಬೆಳ್ಳಿಯ ಪಟ್ಟಿಗಳನ್ನು ಕಿತ್ತು ಹಾಕಿಸಿದ್ದು. ಎಂಜಿನ್ನನ್ನು ಮುಟ್ಟುವ ಮುನ್ನ ಆಭರಣ ತೆಗೆಸಿದರು. 1959ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿ ಕಾರು ನೆಲಕ್ಕೆ ಕಚ್ಚಿ ನಿಂತಂತೆ ಕಾಣಿಸಿದರು. 1964ರಲ್ಲಿ ಅದೇ ಪಾಂಟಿಯಾಕ್ ಜಿಟಿಓ ಎಂಬ ಹೆಸರಿನಲ್ಲಿ ಕಾಲೇಜು ಹುಡುಗರ ಕನಸಾಯಿತು.

ಇದಕ್ಕೆ ತಿರುಗು ಮುರುಗಾದ ಕಥೆ ಅದೇ ಕಂಪನಿಯ ಓಲ್ಡ್ಸ್‌ಮೊಬೈಲಿನದು. 1988ರಲ್ಲಿ ಅವರು, ಇದು ನಿಮ್ಮ ತಂದೆಯ ಓಲ್ಡ್ಸ್‌ಮೊಬೈಲ್ ಅಲ್ಲ ಎಂದು ಜಾಹೀರಾತು ಮಾಡಿದರು. ಮಾತು ಎಲ್ಲರ ಬಾಯಲ್ಲಿ ನಿಂತಿತು, ಕಾರು ಮಾತ್ರ ನಿಲ್ಲಲಿಲ್ಲ. ತಂದೆಯರು ತಮ್ಮನ್ನು ಹೊರಗೆ ಹಾಕಿದರೆಂದು ಮುನಿಸಿಕೊಂಡರು. ಮಕ್ಕಳಿಗೆ ಇದು ಅಪ್ಪನ ಕಾರು ಎಂಬುದನ್ನು ಕಂಪನಿಯೇ ನೆನಪಿಸಿಕೊಟ್ಟಂತಾಯಿತು. 2000ದ ಡಿಸೆಂಬರಿನಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದು, 1897ರಲ್ಲಿ ಹುಟ್ಟಿದ ಹೆಸರಿನ ಕಡೆಯ ಕಾರು 2004ರ ಏಪ್ರಿಲ್ 29ರಂದು ತಯಾರಾಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ವಯಸ್ಸನ್ನು ಬಾಯಿಬಿಟ್ಟು ಹೇಳಿ ಮಾರುವುದು ಎಷ್ಟು ಅಪಾಯವೆಂದು ಅಲ್ಲಿನವರು ಇಂದಿಗೂ ಉದಾಹರಿಸುವುದು ಇದನ್ನೇ.

ಅವರದೇ ಐಷಾರಾಮಿ ವಿಭಾಗವಾದ ಕ್ಯಾಡಿಲಾಕ್‌ನದು ಇನ್ನೂ ವಿಚಿತ್ರ. ಕಿರಿಯರನ್ನು ಸೆಳೆಯಲೆಂದು 1982ರ ಮಾದರಿಯಾಗಿ ಸಿಮರಾನ್ ಎಂಬ ಚಿಕ್ಕ ಕಾರನ್ನು ತಂದರು. ಅದು ಅದೇ ಕಂಪನಿಯ ಅಗ್ಗದ ಕಾರಾದ ಷೆವ್ರೊಲೆ ಕ್ಯಾವಲಿಯರಿಗೆ ಚರ್ಮದ ಸೀಟು ಹೊದಿಸಿದ ವೇಷವೆಂದು ಜನರಿಗೆ ಬೇಗನೆ ತಿಳಿಯಿತು. 1988ಕ್ಕೆ ಅದರ ಕಥೆ ಮುಗಿಯಿತು. ಹತ್ತು ವರ್ಷಗಳ ನಂತರ ಲಿಂಕನ್ ನ್ಯಾವಿಗೇಟರಿಗೆ ಎದುರಾಗಿ ಅವಸರದಲ್ಲಿ ತಂದ ಎಸ್ಕಲೇಡ್ ಎಂಬ ದೈತ್ಯ ಎಸ್‌ಯುವಿಯನ್ನು ಹಿಪ್‌ಹಾಪ್ ಗಾಯಕರು ತಾವಾಗಿಯೇ ಎತ್ತಿಕೊಂಡು ಮೆರೆಸಿದರು. ಯುವಕರಿಗೆಂದು ಮಾಡಿದ್ದು ಯುವಕರಿಗೆ ಬೇಡವಾಯಿತು, ಯಾರಿಗೋ ಎಂದು ಮಾಡಿದ್ದು ಅವರದಾಯಿತು.

ಮಂಜಿನೂರು (ಮಡಿಕೇರಿ)

ನಾನು ಫಿಸಿಯೊಥೆರಪಿಸ್ಟ್. ಹಳೇಪಿಸ್ಟನ್ ಸರ್ ಹೇಳಿದ್ದು ಕಾರಿನ ಮುಖದ ವಿಚಾರವಾಯಿತು. ನನ್ನ ಬಳಿಗೆ ಬರುವುದು ಮುಖವಲ್ಲ, ಮೊಣಕಾಲು.

ಕಣದಮನೆಯವರ ತಂದೆ ಸೆಡಾನಿನಿಂದ ಏಳಲು ಪಟ್ಟ ಕಷ್ಟದ ಹಿಂದೆ ಸರಳವಾದ ಲೆಕ್ಕವಿದೆ. ಆಸನವು ಮೊಣಕಾಲಿನ ಎತ್ತರಕ್ಕಿಂತ ಕೆಳಗಿದ್ದಷ್ಟೂ ಏಳುವಾಗ ತೊಡೆಯ ಮುಂಭಾಗದ ಸ್ನಾಯುಗಳ ಮೇಲೂ ಮಂಡಿಚಿಪ್ಪಿನ ಮೇಲೂ ಭಾರ ಏರುತ್ತದೆ. ಆಸನವು ನಿಂತವರ ಸೊಂಟದ ಮಟ್ಟಕ್ಕೆ ಸ್ವಲ್ಪ ಕೆಳಗಿದ್ದರೆ ಕೂರಬೇಕಾಗಿಯೂ ಇಲ್ಲ, ಏಳಬೇಕಾಗಿಯೂ ಇಲ್ಲ. ಪಕ್ಕಕ್ಕೆ ಸರಿದರೆ ಸಾಕು. ಕುತೂಹಲಕ್ಕೆ ನಾನು ಟೇಪು ಹಿಡಿದು ಅಳೆದೆ. ನಮ್ಮ ಭಾವನವರ ಜರ್ಮನ್ ಸೆಡಾನಿನ ಸೀಟು ನೆಲದಿಂದ 50 ಸೆಂಟಿಮೀಟರ್ ಇತ್ತು, ನಮ್ಮ ಮನೆಯ ಎಸ್‌ಯುವಿಯದು 70. ಆ 20 ಸೆಂಟಿಮೀಟರಿನಲ್ಲಿ ಹತ್ತು ವರ್ಷದ ಆಯುಸ್ಸು ಅಡಗಿದೆ ಎಂದು ನನ್ನ ರೋಗಿಯೊಬ್ಬರು ಹೇಳುತ್ತಾರೆ.

ಕಳೆದ ವರ್ಷ ವಿರಾಜಪೇಟೆಯಲ್ಲಿ ಒಂದು ಮದುವೆ. ಕುಪ್ಯ ತೊಟ್ಟು, ಚೇಲೆ ಬಿಗಿದು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿದ್ದ ನಮ್ಮ ದೊಡ್ಡಜ್ಜನನ್ನು ಮಂಟಪದ ಬಾಗಿಲಲ್ಲಿ ಅದೇ ಸೆಡಾನಿಗೆ ಹತ್ತಿಸಬೇಕಿತ್ತು. ಬಗ್ಗಿದರೆ ಕತ್ತಿಯ ಹಿಡಿ ಹೊಟ್ಟೆಗೆ ಒತ್ತುತ್ತದೆ, ಬಗ್ಗದಿದ್ದರೆ ಪೇಟ ಚಾವಣಿಗೆ ತಗಲುತ್ತದೆ. ಕೊನೆಗೆ ಪೇಟ ಒಬ್ಬರ ಕೈಗೆ, ಕತ್ತಿ ಇನ್ನೊಬ್ಬರ ಕೈಗೆ ಹೋಗಿ, ಅಜ್ಜ ಬರಿದಲೆಯಲ್ಲಿ ಒಳಗೆ ಕೂತರು. ಅಷ್ಟು ಬೆಲೆಯ ಕಾರು ಒಬ್ಬ ಹಿರಿಯರ ಠೀವಿಯನ್ನು ಅರ್ಧ ನಿಮಿಷದಲ್ಲಿ ಕಳಚಿ ಹಾಕಿತು.

ವಿನ್ಯಾಸಕಾರರಿಗೆ ಇದು ತಿಳಿಯದ್ದೇನಲ್ಲ. 1990ರ ದಶಕದಲ್ಲಿ ಫೋರ್ಡ್ ಕಂಪನಿಯು ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಜೊತೆಗೂಡಿ ಒಂದು ಮುಪ್ಪಿನ ಉಡುಪನ್ನೇ ಹೊಲಿಸಿತು. ಅದನ್ನು ತೊಟ್ಟರೆ ಮೊಣಕಾಲು, ಮೊಣಕೈ, ಬೆನ್ನು ಬಿಗಿಯುತ್ತಿದ್ದವು, ಕನ್ನಡಕವು ಪೊರೆ ಬಂದ ಕಣ್ಣಿನ ನೋಟ ಕೊಡುತ್ತಿತ್ತು. ಮೂವತ್ತರ ಎಂಜಿನಿಯರುಗಳು ಅದನ್ನು ತೊಟ್ಟು ಕಾರು ಹತ್ತಿ ಇಳಿದರು. 1998ರ ಫೋರ್ಡ್ ಫೋಕಸ್‌ನ ಎತ್ತರದ ಚಾವಣಿಗೂ ಅಗಲವಾದ ಬಾಗಿಲಿಗೂ ಆ ಅನುಭವ ನೆರವಾಯಿತು. ಆದರೆ ಜಾಹೀರಾತಿನಲ್ಲಿ ಯಾರೂ ಮಂಡಿನೋವಿನ ಮಾತೆತ್ತಲಿಲ್ಲ. ಚೂಪಾದ ಗೆರೆಗಳ, ನವನವೀನ ಕಾರೆಂದೇ ಅದು ಮಾರಾಟವಾಯಿತು.

ಹಳೇಪಿಸ್ಟನ್ (ಗೋಣಿಕೊಪ್ಪ)

ಮಂಜಿನೂರು ಮೇಡಂ ಅವರು ನನ್ನ ಬಾಯಿಂದ ಬರಬೇಕಾದ ಮಾತನ್ನು ಆಡಿಬಿಟ್ಟರು. ಮುಪ್ಪಿಗೆ ಬೇಕಾದ ಅನುಕೂಲವನ್ನು ಹರೆಯದ ಹೆಸರಿನಲ್ಲಿ ಮಾರುವುದೇ ಈ ವ್ಯಾಪಾರದ ಒಳಗುಟ್ಟು ಎಂದು ನನಗೆ ಅನಿಸುತ್ತದೆ. ಒಂದೇ ಉದಾಹರಣೆ ಕೊಡುತ್ತೇನೆ. ವೇಗದ ಅಂಕಿಯನ್ನು ಮುಂಗಾಜಿನ ಮೇಲೆ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇಯನ್ನು ಯುದ್ಧವಿಮಾನದ ತಂತ್ರಜ್ಞಾನವೆಂದು ಬಣ್ಣಿಸುತ್ತಾರೆ. ಅಂಕಿ ಗಾಜಿನ ಮೇಲಿದ್ದಂತೆ ತೋರಿದರೂ ಆ ಬಿಂಬವು ಕಣ್ಣಿಗೆ ಎರಡು ಮೀಟರಿಗೂ ದೂರದಲ್ಲಿ ನಿಂತಂತೆ ಕನ್ನಡಿಗಳನ್ನು ಜೋಡಿಸಿರುತ್ತಾರೆ. ನಲವತ್ತೈದು ದಾಟಿದ ಕಣ್ಣು ದೂರದ ರಸ್ತೆಯಿಂದ ಹತ್ತಿರದ ಮೀಟರಿಗೆ ಬೇಗ ಹೊಂದಿಕೊಳ್ಳಲಾರದು. ಅದಕ್ಕೆ ಇದು ವರದಾನ. ಇಪ್ಪತ್ತೈದರ ಹುಡುಗನಿಗೆ ಇದು ಆಟಿಕೆ. ತಯಾರಿಕೆಯ ಕಾರೊಂದರಲ್ಲಿ ಇದು ಮೊದಲು ಬಂದದ್ದು ಎಲ್ಲಿ ಗೊತ್ತೇ? ಅದೇ 1988ರಲ್ಲಿ, ಅದೇ ಓಲ್ಡ್ಸ್‌ಮೊಬೈಲಿನ ಕಟ್ಲಾಸ್ ಸುಪ್ರೀಮ್‌ನ ಒಂದು ವಿಶೇಷ ಆವೃತ್ತಿಯಲ್ಲಿ. ತಂದೆಯ ಕಾರಲ್ಲ ಎಂದು ಸಾರುತ್ತಿದ್ದವರು ತಂದೆಯ ಕಣ್ಣಿಗೆ ಬೇಕಾದುದನ್ನೇ ಒಳಗೆ ಇಟ್ಟಿದ್ದರು.

ಸುತ್ತಲೂ ತೋರಿಸುವ ಕ್ಯಾಮೆರಾ ಬಿಗಿದ ಕುತ್ತಿಗೆಗೆ. ಕಾಲು ಬೀಸಿದರೆ ತೆರೆಯುವ ಡಿಕ್ಕಿ ಎತ್ತಲಾರದ ಭುಜಕ್ಕೆ. ಮಾರುವಾಗ ಎಲ್ಲದರ ಹೆಸರೂ ತಂತ್ರಜ್ಞಾನ.

ಕ್ಲಚ್‌ಇಲ್ಲದವನು (ವಿರಾಜಪೇಟೆ, ಈಗ ಬೆಂಗಳೂರು)

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ತಪ್ಪು ತಿಳಿಯಬಾರದು. ನನಗೆ 27 ವರ್ಷ. ನಿಮ್ಮ ವಾದ ಕೇಳಿದರೆ ಯುವಕರ ಹೆಸರು ಬರಿಯ ಪರದೆಯೆಂದೂ ಅದರ ಹಿಂದೆ ಕೂತವರೆಲ್ಲ ಮಂಡಿನೋವಿನವರೆಂದೂ ತೋರುತ್ತದೆ. ನಿಜವಾಗಿಯೂ ಕೊಳ್ಳುವವರು ಕಿರಿಯರಾಗಿ, ಕಾರಿನ ರೂಪವೂ ಅದಕ್ಕೆ ತಕ್ಕಂತೆ ಬದಲಾದ ಪ್ರಸಂಗಗಳಿವೆ.

ಮರ್ಸಿಡಿಸ್ ಎ-ಕ್ಲಾಸನ್ನೇ ನೋಡಿ. 1997ರಲ್ಲಿ ಬಂದಾಗ ಅದು ಗಿಡ್ಡವಾದ, ಎತ್ತರದ ಪೆಟ್ಟಿಗೆ. ನೆಲ ಎರಡು ಪದರದ್ದು, ಸೀಟು ಎತ್ತರದ್ದು. ಜರ್ಮನಿಯಲ್ಲಿ ಅದನ್ನು ಪ್ರೀತಿಸಿದವರಲ್ಲಿ ನಿವೃತ್ತರು ಬಹಳ. 2012ರ ಮೂರನೆಯ ಪೀಳಿಗೆಯಲ್ಲಿ ಅದರ ಎತ್ತರವನ್ನು ಸುಮಾರು 16 ಸೆಂಟಿಮೀಟರ್ ತಗ್ಗಿಸಿ, ಮೂತಿ ಉದ್ದ ಮಾಡಿ, ಪಕ್ಕಗಳಲ್ಲಿ ಆಳವಾದ ಮಡಿಕೆಗಳನ್ನು ಮೂಡಿಸಿದರು. ಎತ್ತರ ಬೇಕೆಂದವರಿಗೆ ಬಿ-ಕ್ಲಾಸ್ ಇದ್ದೇ ಇತ್ತು. ಯುರೋಪಿನಲ್ಲಿ ಎ-ಕ್ಲಾಸ್ ಕೊಳ್ಳುವವರ ಸರಾಸರಿ ವಯಸ್ಸು ಹತ್ತು ವರ್ಷಕ್ಕಿಂತ ಹೆಚ್ಚು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಮೇಡಂ, ಇಲ್ಲಿ ಮೊಣಕಾಲಿನ ಹಿತವನ್ನು ಬೇಕೆಂದೇ ಬಿಟ್ಟುಕೊಟ್ಟರಲ್ಲವೇ?

ರೋಲ್ಸ್ ರಾಯ್ಸ್ ಇನ್ನೂ ಸ್ಪಷ್ಟ. 2010ರ ಹೊತ್ತಿಗೆ ಐವತ್ತರ ಮಧ್ಯದಲ್ಲಿದ್ದ ಗ್ರಾಹಕರ ಸರಾಸರಿ ವಯಸ್ಸು ನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ 43ಕ್ಕೆ ಇಳಿಯಿತೆಂದು ಆಗಿನ ಮುಖ್ಯಸ್ಥ ಟಾರ್ಸ್ಟೆನ್ ಮ್ಯೂಲರ್-ಯೊಟ್ವಷ್ ಹೇಳಿದ್ದರು; ಅದು ಬಿಎಂಡಬ್ಲ್ಯು ಸಮೂಹದಲ್ಲೇ ಅತಿ ಕಡಿಮೆ, ಅದೇ ಸಮೂಹದ ಚಿಕ್ಕ ಕಾರಾದ ಮಿನಿಗಿಂತಲೂ ಕಡಿಮೆ. 2016ರಲ್ಲಿ ಬಂದ ಬ್ಲ್ಯಾಕ್ ಬ್ಯಾಡ್ಜ್ ಮಾದರಿಗಳಲ್ಲಿ ಹೊಳೆಯುವ ಲೋಹಕ್ಕೆಲ್ಲ ಕಪ್ಪು ಬಳಿದರು, ಬಾನೆಟ್ಟಿನ ಮೇಲಿನ ಪುಟ್ಟ ದೇವತೆಯನ್ನೂ ಬಿಡಲಿಲ್ಲ. 2020ರ ಘೋಸ್ಟ್‌ನಲ್ಲಿ ಕಣ್ಣು ಕುಕ್ಕುವ ಅಲಂಕಾರವನ್ನು ಆದಷ್ಟು ಕಡಿಮೆ ಮಾಡಿದರು. ನುಡ್ಸನ್ ಬೆಳ್ಳಿಪಟ್ಟಿ ಕಿತ್ತದ್ದಕ್ಕೂ ಇದಕ್ಕೂ ಅರವತ್ತು ವರ್ಷದ ಅಂತರವಿದೆ, ಕೆಲಸ ಒಂದೇ.

ಟೊಯೊಟಾ ಕ್ರೌನ್‌ನ ಕಥೆಯನ್ನೂ ಹೇಳಲೇಬೇಕು. 1955ರಲ್ಲಿ ಹುಟ್ಟಿದ ಆ ಕಾರು ಜಪಾನಿನಲ್ಲಿ ಹಿರಿಯ ಅಧಿಕಾರಿಗಳ ಕಾರು. ಒಂದಲ್ಲ ಒಂದು ದಿನ ಕ್ರೌನ್ ಎಂಬ ಅರ್ಥದ 1983ರ ಜಾಹೀರಾತು, ದುಡಿದು ಮೇಲೇರಿದ ಮೇಲೆ ಸಿಗುವ ಫಲವೆಂದೇ ಅದನ್ನು ತೋರಿಸಿತು. ಕಾಯುವ ತಾಳ್ಮೆಯಿದ್ದ ಪೀಳಿಗೆಗೆ ಅದು ಹಿಡಿಸಿತು. ಮುಂದಿನವರಿಗೆ ಅದು ಅಪ್ಪನ ಬಾಸ್‌ನ ಕಾರಾಯಿತು. 2012ರಲ್ಲಿ ಟೊಯೊಟಾ ಬಿಳಿ, ಕಪ್ಪು, ಬೆಳ್ಳಿಯಲ್ಲೇ ಓಡಾಡುತ್ತಿದ್ದ ಆ ಗಂಭೀರ ಕಾರನ್ನು ಗಾಢ ಗುಲಾಬಿ ಬಣ್ಣದಲ್ಲಿ ತೋರಿಸಿತು, ಮುಂದಿನ ವರ್ಷ ಅದನ್ನು ಮಾರಿಯೂ ಮಾರಿತು. ಅದೂ ಸಾಲದೆ 2022ರಲ್ಲಿ ಸೆಡಾನಿನ ಪರಂಪರೆಯನ್ನೇ ಮುರಿದು ಎತ್ತರದ ಕ್ರಾಸ್‌ಓವರ್ ರೂಪದಲ್ಲಿ ಹೊರತಂದರು.

ಮಂಜಿನೂರು (ಮಡಿಕೇರಿ)

ತಮ್ಮಾ, ನಿಮ್ಮ ಎ-ಕ್ಲಾಸಿನ ಮಾತನ್ನು ಒಪ್ಪುತ್ತೇನೆ. ಆದರೆ ಕ್ರೌನ್ ಯಾವ ದಿಕ್ಕಿಗೆ ಬದಲಾಯಿತು ಎಂಬುದನ್ನು ನೀವೇ ಬರೆದಿದ್ದೀರಿ: ಎತ್ತರಕ್ಕೆ. ಕಿರಿಯರಾಗಿ ಕಾಣಬೇಕೆಂದು ಹೊರಟವರು ಹಿರಿಯರ ಸೊಂಟಕ್ಕೆ ಸರಿಹೊಂದುವ ಜಾಗಕ್ಕೆ ಬಂದು ನಿಂತರು. ಯುವಕರಿಗೆಂದೇ ಟೊಯೊಟಾ ಅಮೆರಿಕದಲ್ಲಿ 2003ರಲ್ಲಿ ಕಟ್ಟಿದ ಸಯಾನ್ ಎಂಬ ಬ್ರ್ಯಾಂಡಿನ ಡಬ್ಬಿಯಾಕಾರದ ಎಕ್ಸ್‌ಬಿಯನ್ನೂ ಹೋಂಡಾದ ಎಲಿಮೆಂಟನ್ನೂ, ಹತ್ತಲು ಇಳಿಯಲು ಸುಲಭವೆಂದು ತಂದೆ ತಾಯಿಯರೂ ಕೊಂಡರು. ಅವು ಐಷಾರಾಮಿ ಕಾರುಗಳಲ್ಲವೆಂಬುದು ನಿಜ, ಪಾಠ ಮಾತ್ರ ಎಲ್ಲರಿಗೂ ಒಂದೇ.

ತೋಟದಜೀಪು (ಸಿದ್ದಾಪುರ)

ಸೈನ್ಯದಿಂದ ನಿವೃತ್ತನಾಗಿ ತೋಟ ನೋಡಿಕೊಂಡಿರುವ ನನಗೆ ಈಗ 71. ನೀವೆಲ್ಲ ಎಸ್‌ಯುವಿಯನ್ನು ಹೊಸ ಸಂಗತಿಯೆಂಬಂತೆ ಚರ್ಚಿಸುತ್ತಿರುವುದು ನನಗೆ ನಗು ತರಿಸುತ್ತದೆ. ನಮ್ಮಲ್ಲಿ ಅಂತಸ್ತಿನ ವಾಹನವೆಂದರೆ ಎಂದೂ ಜೀಪೇ. ಮೈಸೂರಿನವರಿಗೆ ಕಾಂಟೆಸ್ಸಾ ದೊಡ್ಡಸ್ತಿಕೆಯಾಗಿದ್ದ ಕಾಲದಲ್ಲೂ ನಮ್ಮ ಹಿರಿಯರು ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಪಕ್ಕದಲ್ಲಿ ತೊಳೆದು ನಿಲ್ಲಿಸುತ್ತಿದ್ದದ್ದು ವಿಲ್ಲಿಸ್ ಜೀಪನ್ನು. ಅದಕ್ಕೆ ವಯಸ್ಸೆಂಬುದೇ ಇರಲಿಲ್ಲ. ಅಜ್ಜನೂ ಓಡಿಸುತ್ತಿದ್ದ, ಹದಿನೆಂಟರ ಮೊಮ್ಮಗನೂ ಓಡಿಸುತ್ತಿದ್ದ.

ಐಷಾರಾಮಿ ಎಸ್‌ಯುವಿಗಳ ಹಿರಿಯಣ್ಣನೆನಿಸಿದ ರೇಂಜ್ ರೋವರ್ ಕೂಡ 1970ರಲ್ಲಿ ಬಂದಾಗ ಎರಡೇ ಬಾಗಿಲಿನ ಗಾಡಿ. ವಿನೈಲ್ ಸೀಟು, ಪ್ಲಾಸ್ಟಿಕ್ ಡ್ಯಾಶ್‌ಬೋರ್ಡು, ಕೆಸರಾದರೆ ಒಳಗನ್ನು ಪೈಪು ಹಿಡಿದು ತೊಳೆಯಬಹುದಿತ್ತು. ನಾಲ್ಕು ಬಾಗಿಲು ಬಂದದ್ದೇ 1981ರಲ್ಲಿ. ಚರ್ಮ, ಮರ, ನಿಲ್ಲಿಸಿದಾಗ ತಾನೇ ತಗ್ಗಿ ಹತ್ತಿಸಿಕೊಳ್ಳುವ ಏರ್ ಸಸ್ಪೆನ್ಷನ್, ಇವೆಲ್ಲ ಕೊಳ್ಳುವವರಿಗೆ ವಯಸ್ಸೂ ಹಣವೂ ಕೂಡಿದ ಹಾಗೆ ಸೇರಿಕೊಂಡವು.

ನನ್ನ ದೂರು ಬೇರೆಯದು. ಮಗ ಕೊಂಡ ಕಾರಿನಲ್ಲಿ ಗಾಜಿನ ಮಂಜು ಒರೆಸುವ ಗಾಳಿಯನ್ನು ಹಚ್ಚಬೇಕಾದರೂ ಟಚ್‌ಸ್ಕ್ರೀನಿನಲ್ಲಿ ಎರಡು ಪುಟ ದಾಟಬೇಕು. ಜುಲೈ ತಿಂಗಳ ರಾತ್ರಿ ಸಂಪಾಜೆ ಘಾಟಿಯಲ್ಲಿ, ಎದುರಿನಿಂದ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತಿರುವಾಗ, ಗಾಜು ಬೆಳ್ಳಗಾಗುತ್ತಾ ಬಂತು. ನಾನು ಬೆರಳಿನಲ್ಲಿ ಆ ಪರದೆಯ ಮೇಲೆ ತಡಕಾಡಿ, ಗಾಳಿಯ ಬದಲು ರೇಡಿಯೊ ಹಚ್ಚಿ, ಕೊನೆಗೆ ಕಿಟಕಿ ಇಳಿಸಿ ನೆನೆದುಕೊಂಡು ತಿರುವು ದಾಟಿದೆ. ಜೀಪಿನಲ್ಲಿ ಅದೊಂದು ಗುಂಡಿ. ಕತ್ತಲಲ್ಲಿ ಕೈಗೆ ಸಿಗುತ್ತಿತ್ತು.

ಹಳೇಪಿಸ್ಟನ್ (ಗೋಣಿಕೊಪ್ಪ)

ಸರ್, ನಿಮ್ಮ ದೂರಿನ ಹಿಂದೆ ವಯಸ್ಸಿನ ಲೆಕ್ಕವಿದೆ. ಇಪ್ಪತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ, ಜೊತೆಗೆ ಎದುರು ದೀಪದ ಹೊಡೆತದಿಂದ ಚೇತರಿಸಿಕೊಳ್ಳಲು ಅದಕ್ಕೆ ಹೆಚ್ಚು ಸಮಯ ಬೇಕು. ಬಿಎಂಡಬ್ಲ್ಯು ದಶಕಗಳ ಕಾಲ ಮೀಟರುಗಳಿಗೆ ಕಿತ್ತಳೆಗೆಂಪಿನ ಮಂದ ಬೆಳಕು ಇಟ್ಟದ್ದು ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲೆಂದು. ಅದೇ ಕಂಪನಿ 2001ರ 7 ಸೀರೀಸ್‌ನಲ್ಲಿ ಐಡ್ರೈವ್ ಎಂಬ ಒಂದೇ ತಿರುಗುಗುಂಡಿಗೆ ಬಹುತೇಕ ಎಲ್ಲ ಕೆಲಸವನ್ನೂ ಗಂಟುಹಾಕಿದಾಗ, ಕಾರು ಕೊಂಡ ಹಿರಿಯರು ಸಿಟ್ಟಾದರು. ಇಂದು ಆ ಗುಂಡಿಯೂ ಇಲ್ಲವಾಗುತ್ತಿರುವಾಗ ಅದೇ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ. ಇಲ್ಲಿ ಮಾತ್ರ ಹರೆಯದ ಆಕರ್ಷಣೆ ಮುಪ್ಪಿನ ಅಗತ್ಯವನ್ನು ನಿಜವಾಗಿ ತುಳಿಯಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪ, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಲಿವರ್ ಇಲ್ಲದ ಕಾರಿಗೆ ಪೂರ್ಣ ಅಂಕ ಕೊಡದಿರುವ ನಿಯಮ ತಂದಿರುವುದರಿಂದ ಗುಂಡಿಗಳು ಸ್ವಲ್ಪ ಸ್ವಲ್ಪವಾಗಿ ಮರಳುತ್ತಿವೆ. ನಿಮ್ಮ ಗಾಜಿನ ಗಾಳಿ ಆ ಪಟ್ಟಿಯಲ್ಲಿಲ್ಲ ಎಂಬುದೇ ಬೇಸರ.

ಕ್ಲಚ್‌ಇಲ್ಲದವನು (ವಿರಾಜಪೇಟೆ, ಈಗ ಬೆಂಗಳೂರು)

ಟಚ್‌ಸ್ಕ್ರೀನಿನ ವಿಚಾರದಲ್ಲಿ ನನಗೂ ಗುಂಡಿಯೇ ಬೇಕು, ಅಜ್ಜ. ಇದು ವಯಸ್ಸಿನ ಜಗಳವಲ್ಲ, ಖರ್ಚು ಉಳಿಸುವ ಉಪಾಯ. ಒಂದು ಪರದೆ ಹಾಕಿದರೆ ನಲವತ್ತು ಗುಂಡಿ, ಅವುಗಳ ವೈರಿಂಗ್ ಎಲ್ಲ ಉಳಿಯುತ್ತದೆ.

ಕಣದಮನೆ (ಸುಂಟಿಕೊಪ್ಪ)

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ದೇಶದ ಒಂದು ವಿಶೇಷವನ್ನು ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಸೇರಿಸುತ್ತೇನೆ. ಇಲ್ಲಿ ಕೊಳ್ಳುವವರ ವಯಸ್ಸು ಕಾರಿನ ಮುಖಕ್ಕಿಂತ ಹಿಂದಿನ ಸೀಟಿನಲ್ಲಿ ಹೆಚ್ಚು ಕಾಣುತ್ತದೆ. ಮರ್ಸಿಡಿಸ್ 2017ರಲ್ಲಿ ಉದ್ದನೆಯ ಇ-ಕ್ಲಾಸನ್ನು ಬಲಗಡೆ ಸ್ಟೇರಿಂಗ್ ಇಟ್ಟು ಭಾರತಕ್ಕೆ ತಂದದ್ದು ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವ ಯಜಮಾನರಿಗಾಗಿ. 2021ರಲ್ಲಿ ಬಿಎಂಡಬ್ಲ್ಯು, ಸ್ವತಃ ಓಡಿಸುವವರ ಕಾರೆಂದೇ ಹೆಸರಾದ ತನ್ನ 3 ಸೀರೀಸನ್ನೂ ಉದ್ದ ಮಾಡಿ ಮಾರತೊಡಗಿತು. ಒಂದೇ ಕಾರಿನಲ್ಲಿ ಮಗನಿಗೆ ಸ್ಟೇರಿಂಗ್, ಅಪ್ಪನಿಗೆ ಕಾಲು ಚಾಚುವ ಜಾಗ. ಶೋರೂಮಿನ ಹುಡುಗ ಅಪ್ಪನಿಗೆ ಹಿಂದಿನ ಬಾಗಿಲನ್ನೇ ತೆರೆದದ್ದರ ಕಾರಣ ಈಗ ನನಗೆ ಅರ್ಥವಾಗುತ್ತದೆ. ಆದರೆ ಐವತ್ತು ವರ್ಷ ತಾವೇ ಗಾಡಿ ಓಡಿಸಿದ ತೋಟದವರನ್ನು ಹಿಂದೆ ಕೂರಿಸುವುದು ಅವನ ಲೆಕ್ಕದ ತಪ್ಪು.

ನಿನ್ನೆ ಮತ್ತೆ ಹೋಗಿದ್ದೆವು. ಈ ಸಲ ಅಪ್ಪ ಯಾರನ್ನೂ ಕೇಳದೆ ನೇರವಾಗಿ ಕೆಂಪು ಎಸ್‌ಯುವಿಯ ಬಳಿ ಹೋಗಿ, ಡ್ರೈವರ್ ಬಾಗಿಲು ತೆರೆದು, ಮೂರು ಸಲ ಹತ್ತಿ ಮೂರು ಸಲ ಇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. ತೋಟದಜೀಪು ಅವರ ಬರಹವನ್ನು ನಾನು ಓದಿ ಹೇಳಿದ್ದೆ. ಗಾಜಿನ ಗಾಳಿಗೆ ಗುಂಡಿ ಸಿಕ್ಕಿತು. ಆ ಹುಡುಗ, ಸರ್ ಇದು ಸ್ವಲ್ಪ ಸ್ಪೋರ್ಟಿ, ನಿಮಗೆ ತಿಳಿ ಬಣ್ಣದ್ದು ತೋರಿಸಲೇ ಎಂದ. ಅಪ್ಪ, ಇದೇ ಕೆಂಪು ಇರಲಿ, ಆ ಕ್ರೋಮ್ ಪಟ್ಟಿಯೊಂದನ್ನು ತೆಗೆಸಲು ಬರುತ್ತದೆಯೇ ಎಂದು ಕೇಳಿದರು.

ಮಂಜಿನೂರು (ಮಡಿಕೇರಿ)

ಸೀಟಿನ ಎತ್ತರ ಅಳೆದಿರಾ?

ಕಣದಮನೆ (ಸುಂಟಿಕೊಪ್ಪ)

ಅಳೆದೆ, ಮೇಡಂ. 69.